ಅಪ್‌ಡೇಟ್: ಬಿದ್ದ ರೋಬೋಟ್ ಮತ್ತೆ ಸರಳು ಹಿಡಿಯಿತು

ಹೋದ ವಾರದ ನನ್ನ ಪ್ರಶ್ನೆ ನೆನಪಿರಬಹುದು. ಪಂದ್ಯ ಮುಗಿದ ಕ್ಷಣವೇ ನಮ್ಮ ಶಾಲಾ ತಂಡದ ರೋಬೋಟ್ ತಾನು ಜೋತುಬಿದ್ದಿದ್ದ ಸರಳಿನಿಂದ ಜಾರಿ ನೆಲಕ್ಕೆ ಅಪ್ಪಳಿಸಿತ್ತು. ತೋಳು ಸೊಟ್ಟಗಾಗಿತ್ತು, ಎಡಬದಿಯ ಗಾಲಿ ಹೇಳಿದಂತೆ ಕೇಳುತ್ತಿರಲಿಲ್ಲ. ರಿಪೇರಿಯೋ, ಹೊಸದಾಗಿ ಕಟ್ಟುವುದೋ ಎಂದು ಕೇಳಿದ್ದೆ.

ರಿಪೇರಿಯನ್ನೇ ಮಾಡಿದೆವು. ‘ಮೊದಲು ಬ್ಯಾಟರಿ ನೋಡಿ’ ಎಂದವರಿಗೆ ಕೈಮುಗಿಯುತ್ತೇನೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಮೂಲೆ ದಿಂಬಿನಂತೆ ಉಬ್ಬಿತ್ತು. ಒಳಪದರಗಳು ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಚಾರ್ಜಿಗೆ ಹಾಕದೆ, ಮರಳಿನ ಬಕೆಟ್‌ನಲ್ಲಿ ಅಂಗಳದಾಚೆ ಇಟ್ಟೆವು.

ತೋಳಿನ ಅಲ್ಯೂಮಿನಿಯಂ ಚಾನೆಲ್ಲನ್ನು ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಒಯ್ದೆವು. ಅಲ್ಲಿನ ಹಿರಿಯರು ಅದನ್ನು ಬೆಳಕಿಗೆ ಹಿಡಿದು, ಬಾಗಿದ ಜಾಗವನ್ನು ಉಗುರಿನಿಂದ ಗೀರಿ, ಕೂದಲೆಳೆಯಷ್ಟು ಸಣ್ಣ ಬಿರುಕು ತೋರಿಸಿದರು. “ತಮ್ಮಾ, ಬಡಿದು ನೆಟ್ಟಗೆ ಮಾಡಿದರೆ ಇಲ್ಲೇ ಮುರಿಯುತ್ತದೆ” ಎಂದು ಹೊಸ ತುಂಡನ್ನೇ ಕತ್ತರಿಸಿ ತೂತು ಕೊರೆದುಕೊಟ್ಟರು. ಎಷ್ಟು ಹೇಳಿದರೂ ಹಣ ಮುಟ್ಟಲಿಲ್ಲ.

ಗಾಲಿ ಮಾತ್ರ ಮೂರು ರಾತ್ರಿ ನುಂಗಿತು. ಮೋಟಾರು ಸರಿ, ಕೋಡ್ ಸರಿ, ಹೊರಗೆ ಬಿಡದ ಜಡಿಮಳೆ. ಕೊನೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗಾಲಿ ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ಸೆನ್ಸರಿನ ವೈರನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸುತ್ತ ಹೋದಳು. ಒಂದು ಕಡೆ ಪರದೆಯ ಅಂಕಿ ಜಿಗಿಯಿತು! ಹೊದಿಕೆ ಸರಿಯಿದ್ದು ಒಳಗಿನ ತಂತಿ ತುಂಡಾಗಿತ್ತು.

ಇನ್ನು ಬಿದ್ದ ಕಾರಣ: ಪಂದ್ಯ ಮುಗಿದು ವಿದ್ಯುತ್ ನಿಂತೊಡನೆ ಮೋಟಾರಿನ ಹಿಡಿತ ಸಡಿಲವಾಗುತ್ತಿತ್ತು. ಈಗ ಒಂದೇ ದಿಕ್ಕಿಗೆ ತಿರುಗುವ ರ‍್ಯಾಚೆಟ್ ಹಲ್ಲುಚಕ್ರ ಹಾಕಿದ್ದೇವೆ.

ನಿನ್ನೆಯ ಸುತ್ತಿನಲ್ಲಿ ನಾಲ್ಕನೇ ಸ್ಥಾನ ಬಂತು. ನಾವೇ ಹೋಗಿ ಇಳಿಸುವವರೆಗೂ ರೋಬೋಟ್ ಸರಳಿಗೆ ಜೋತುಕೊಂಡೇ ಇತ್ತು.