ಕೆಂಡೋ (ಜಪಾನಿನ ಕತ್ತಿವರಸೆ): ಜಿಗೇಕೋದಲ್ಲಿ ದೆಬಾನ-ಕೋತೆ ಯಾವಾಗಲೂ ತಡವಾಗುತ್ತಿದೆ

ಪ್ರಶ್ನೆ:
ಎದುರಾಳಿ ಮೆನ್ (ತಲೆಗೆ ಏಟು) ಹೊಡೆಯಲು ಬರುವಾಗ ಅವರ ಬಲ ಮಣಿಕಟ್ಟಿಗೆ ದೆಬಾನ-ಕೋತೆ (ಅವರು ಹೊರಡುವ ಗಳಿಗೆಯಲ್ಲೇ ಕೊಡುವ ಮಣಿಕಟ್ಟಿನ ಏಟು) ಹೊಡೆಯಲು ನೋಡುತ್ತೇನೆ. ನನ್ನ ಶಿನಾಯ್ (ಬಿದಿರು ಕತ್ತಿ) ಮುಟ್ಟುವಷ್ಟರಲ್ಲಿ ಅವರ ಏಟು ನನ್ನ ತಲೆ ಮೇಲೆ ಬಿದ್ದಿರುತ್ತದೆ. ಜೋಡಿ ಅಭ್ಯಾಸದಲ್ಲಿ ಚೆನ್ನಾಗಿಯೇ ಬರುತ್ತದೆ, ಜಿಗೇಕೋದಲ್ಲಿ, ಅಂದರೆ ಮುಕ್ತ ಸೆಣಸಾಟದಲ್ಲಿ, ಮಾತ್ರ ಹೀಗೆ. ಅವರ ಶಿನಾಯ್ ತುದಿ ಮೇಲೇ ಕಣ್ಣಿಟ್ಟಿರುತ್ತೇನೆ. ಕೈ ವೇಗ ಸಾಲದಾ?

ಉತ್ತರ 1:
ಕೈ ವೇಗ ಕಾರಣ ಅಲ್ಲ ಅನಿಸುತ್ತದೆ. ಜೋಡಿ ಅಭ್ಯಾಸದಲ್ಲಿ ಮೆನ್ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಅಲ್ವಾ? ಜಿಗೇಕೋದಲ್ಲಿ ನೀವು ಶಿನಾಯ್ ಮೇಲೆದ್ದದ್ದನ್ನು ಕಂಡ ಮೇಲೆ ಹೊರಡುತ್ತಿದ್ದೀರಿ. ಆಗ ದೆಬಾನದ ಗಳಿಗೆ ದಾಟಿರುತ್ತದೆ.

ಬಂದ ಏಟನ್ನು ತಡೆದು ತಿರುಗಿ ಹೊಡೆಯುವುದು ಗೋ ನೋ ಸೆನ್. ಮೆನ್ ತಡೆದು ದೋಗೆ, ಅಂದರೆ ಪಕ್ಕೆಗೆ, ಹೊಡೆಯುವ ಮೆನ್-ಕಾಯೆಷಿ-ದೋ ಆ ಜಾತಿಯದು. ಅಲ್ಲಿ ಏಟು ಬರಲಿ ಅಂತ ಬಿಡಬಹುದು. ದೆಬಾನದಲ್ಲಿ ಹಾಗಿಲ್ಲ. ಅವರು ಹೊರಡುವ ಹೊತ್ತಿಗೆ ನೀವೂ ಹೊರಟಿರಬೇಕು.

ಅದಕ್ಕೆ ಸೆಮೆ, ಅಂದರೆ ಎದುರಾಳಿ ಮೇಲೆ ಒತ್ತಡ ಹಾಕುವುದು, ಬೇಕು. ಇಸ್ಸೊಕು-ಇತ್ತೊ ದೂರದಲ್ಲಿ, ಅಂದರೆ ಒಂದೇ ಹೆಜ್ಜೆಗೆ ಏಟು ಮುಟ್ಟುವಲ್ಲಿ, ಸುಮ್ನೆ ನಿಂತು ಕಾಯಬೇಡಿ. ತುದಿಯನ್ನು ಅವರ ಗಂಟಲ ನೇರಕ್ಕೆ ಇಟ್ಟುಕೊಂಡೇ ಬಲಗಾಲನ್ನು ಒಂಚೂರು ಮುಂದೆ ಜಾರಿಸಿ. ಈ ಒತ್ತಡ ತಾಳದೆ ಅವರು ಮೆನ್‌ಗೆ ಹೊರಟರೆ, ಆ ಗಳಿಗೆಯನ್ನು ಆರಿಸಿದವರು ನೀವು. ಎಡಗಾಲು ಮಾತ್ರ ನೆಲ ಒದ್ದು ಮುಂದೆ ಚಿಮ್ಮಲು ತಯಾರಿರಲಿ. ಏಟು ಚಿಕ್ಕದಾಗಿರಲಿ. ಶಿನಾಯ್ ಎತ್ತಿ ಬೀಸಿದರೆ ಮತ್ತೆ ತಡ.

ಉತ್ತರ 2:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ತುದಿ ನೋಡುವುದನ್ನು ಬಿಡಿ. ದೂರದ ಬೆಟ್ಟ ನೋಡುವ ಹಾಗೆ ನೋಡು ಅನ್ನುತ್ತಾರೆ, ಎನ್‌ಜಾನ್ ನೋ ಮೆತ್ಸುಕೆ. ಮುಖದ ಕಡೆ ಕಣ್ಣಿದ್ದರೆ ಭುಜ, ಕೈ, ಕಾಲು ಎಲ್ಲಾ ಒಟ್ಟಿಗೆ ಕಾಣುತ್ತವೆ.

ಕತಾ (ಜೋಡಿಯಾಗಿ ಮಾಡುವ ನಿಗದಿತ ವರಸೆಗಳು) ಕೂಡ ಮಾಡಿ. 1912ರಲ್ಲಿ ರೂಪುಗೊಂಡ ಕೆಂಡೋ ಕತಾದ ಹತ್ತರಲ್ಲಿ ಮೊದಲ ಏಳು ಉದ್ದ ಕತ್ತಿಯವು. ಅವುಗಳಲ್ಲಿ 1, 2, 3, 5 ಸೆನ್-ಸೆನ್ ನೋ ಸೆನ್, ಅಂದರೆ ಎದುರಾಳಿಯ ಇರಾದೆ ಮೊದಲೇ ಅರಿತು ಮುನ್ನುಗ್ಗುವುದು. 4, 6, 7 ಗೋ ನೋ ಸೆನ್. ಒಂದನೆಯದನ್ನೂ ನಾಲ್ಕನೆಯದನ್ನೂ ಬೆನ್ನುಬೆನ್ನಿಗೆ ಮಾಡಿದರೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಕತಾ ಬರೀ ಡಾನ್ (ದರ್ಜೆ) ಪರೀಕ್ಷೆಗೆ ಅಂದುಕೊಂಡವರೇ ಜಾಸ್ತಿ, ಏನು ಮಾಡೋಣ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಸೆಮೆ ಮಾಡಿ ನೋಡಿದೆ. ಒಬ್ಬರ ಮೇಲೆ ಕೆಲಸ ಮಾಡಿತು. ಇನ್ನೊಬ್ಬ ಸೀನಿಯರ್ ಹೊರಡುವುದೇ ಇಲ್ಲ. ನಾನು ಒತ್ತಿದರೆ ಎರಡೂ ಕೈ ಎತ್ತಿ ತಲೆ ಮುಚ್ಚಿಕೊಳ್ಳುತ್ತಾರೆ.

ಉತ್ತರ 1:
ಹಾಗಾದರೆ ಅವರ ದೋ ಪೂರ್ತಿ ತೆರೆದಿದೆಯಲ್ಲ! ದೆಬಾನ ಮರೆತುಬಿಡಿ. ಮೆನ್‌ಗೆ ಹೋಗುವವರ ಹಾಗೆ ಒತ್ತಿ, ಕೈ ಎದ್ದ ತಕ್ಷಣ ಬಲಪಕ್ಕೆಗೆ ದೋ ಹೊಡೆದು ದಾಟಿಕೊಂಡು ಹೋಗಿ. ಎರಡು ಮೂರು ಸಲ ಬಿದ್ದರೆ ಅವರು ತಲೆ ಮುಚ್ಚಲು ಹಿಂಜರಿಯುತ್ತಾರೆ. ಆಗ ಕೋತೆ ತೆಗೆಯಿರಿ.