ಟಾರ್ಚ್ ಸೆಲ್ ಪ್ರಶ್ನೋತ್ತರ: "ಬುಸ್ ಅಂತು, ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇವೆ"

ಬ್ಯಾಟರಿ ರಿಪೇರಿಯವರು: ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತು ವರ್ಷದಿಂದ ಬ್ಯಾಟರಿ ಪ್ಯಾಕ್ ಕಟ್ಟುವುದು, ಟಾರ್ಚ್ ರಿಪೇರಿ ಮಾಡುವುದೇ ನನ್ನ ಕೆಲಸ. ಇವತ್ತು ರಾತ್ರಿ ಊಟದ ಹೊತ್ತಿನ ತನಕ ಇಲ್ಲಿರುತ್ತೇನೆ. ದೊಡ್ಡ ಬೆಳಕಿನ ಟಾರ್ಚ್, ಅದರೊಳಗಿನ ಚಾರ್ಜ್ ಆಗುವ ಲಿಥಿಯಂ ಅಯಾನ್ ಸೆಲ್ ಬಗ್ಗೆ ಏನು ಬೇಕಾದರೂ ಕೇಳಿ.

ಶಿರಸಿ ಸದಸ್ಯರು: ನನ್ನ ಟಾರ್ಚಿಗೆ 18650 ಸೆಲ್. ಪವರ್ ಜಾಸ್ತಿ ಸಿಗಲಿ ಅಂತ 21700 ಹಾಕಬಹುದಾ?

ಬ್ಯಾಟರಿ ರಿಪೇರಿಯವರು: ಅದು ಪವರ್ ಅಲ್ಲ, ಅಳತೆ. 18 ಮಿಲಿಮೀಟರ್ ದಪ್ಪ, 65 ಉದ್ದ. 21700 ಅಂದರೆ 21 ದಪ್ಪ, 70 ಉದ್ದ. ನಿಮ್ಮ ಟಾರ್ಚ್ ಒಳಗೆ ಹೋಗುವುದೇ ಇಲ್ಲ. ಟಾರ್ಚ್ ಯಾವುದಕ್ಕೆ ಮಾಡಿದ್ದೋ ಅದನ್ನೇ ಹಾಕಿ.

ಹಾಸನ ಸದಸ್ಯರು: ಆನ್‌ಲೈನ್‌ನಲ್ಲಿ 9900 ಎಂಎಎಚ್ 18650 ಸೆಲ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲಾ?

ಬ್ಯಾಟರಿ ರಿಪೇರಿಯವರು: ಬೇಡ. ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದು. ಈ ಅಳತೆಯಲ್ಲಿ ಒಳ್ಳೆಯ ಸೆಲ್ ಅಂದರೂ 3500ರ ಆಸುಪಾಸು. 9900 ಅಂತ ಬರೆದದ್ದು ಸುಳ್ಳು. ಬಂಗಾರದ ಅಂಗಡಿ ತಕ್ಕಡಿಯಲ್ಲಿ ತೂಗಿಸಿ ನೋಡಿ. ಅಸಲಿ ಸೆಲ್ ಸಾಮಾನ್ಯವಾಗಿ 45 ಗ್ರಾಂ ಆಸುಪಾಸು ಇರುತ್ತದೆ. ಒಳಗೆ ಪುಟ್ಟ ಸೆಲ್ ಇಟ್ಟು ಸುತ್ತ ಪುಡಿ ತುಂಬಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಸುಳ್ಯ ಸದಸ್ಯರು: ರಬ್ಬರ್ ಟ್ಯಾಪಿಂಗ್‌ಗೆ ತಲೆಗೆ ಕಟ್ಟುವ ಲೈಟ್ ಬೇಕು. ಬೆಳಗಿನ ಜಾವ ಮೂರು ತಾಸು ಉರಿಯಬೇಕು. ಯಾವ ಸೆಲ್‌ನದು ಒಳ್ಳೆಯದು?

ಸಾಗರ ಸದಸ್ಯರು: ಸರ್, ನಮ್ಮ ಕಡೆ ತ್ರೀಫೇಸ್ ಕರೆಂಟ್ ರಾತ್ರಿ ಬರುತ್ತದೆ. ಪಂಪ್ ಹಾಕಲು ಟಾರ್ಚ್ ಬೇಕೇ ಬೇಕು. ನಮ್ಮದು ಎರಡು ಸೆಲ್‌ನದು. ಒಂದು ಸೆಲ್ ಹೋಗಿತ್ತು ಅಂತ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಒಂದು ತೆಗೆದು ಹಾಕಿದೆ. ನಿನ್ನೆ ರಾತ್ರಿ ತೋಟದಲ್ಲಿ ಬೆಳಕು ಮಂಕಾಯಿತು. ಟಾರ್ಚ್ ಕೈ ಸುಡುವಷ್ಟು ಬಿಸಿ ಆಗಿ ಬುಸ್ ಅಂತ ಸದ್ದು ಬಂತು. ಒಂಥರಾ ಸಿಹಿ ವಾಸನೆ. ಕಾಲುವೆಗೆ ಎಸೆದೆ. ಬೆಳಿಗ್ಗೆ ತಂದು, ನೀರು ಹೀರಲಿ ಅಂತ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇವೆ. ಒಣಗಿದ ಮೇಲೆ ಬೇರೆ ಸೆಲ್ ಹಾಕಬಹುದಾ?

ಬ್ಯಾಟರಿ ರಿಪೇರಿಯವರು: ಸಾಗರದವರೇ, ಮೊದಲು ಇದನ್ನು ಮಾಡಿ, ಆಮೇಲೆ ಉಳಿದದ್ದು ಓದಿ. ಆ ಟಾರ್ಚ್ ಅಡುಗೆಮನೆಯಲ್ಲಿ ಇರಬಾರದು. ಯಾರೂ ಅದರ ಮುಚ್ಚಳ ತಿರುಗಿಸಬಾರದು. ಡಬ್ಬ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಲ್ಲೇ ಬಿಟ್ಟು ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ತಣ್ಣಗಿದ್ದರೆ ದಪ್ಪ ಕೈಗವಸು ಹಾಕಿ, ಟಾರ್ಚಿನ ಗಾಜು ಮತ್ತು ಹಿಂದಿನ ತುದಿ ಎರಡೂ ಮುಖಕ್ಕೆ ನೇರ ಬಾರದಂತೆ ಅಡ್ಡ ಹಿಡಿದು ಹೊರಗೆ ತನ್ನಿ. ಹುಲ್ಲು, ಅಡಿಕೆ ಸಿಪ್ಪೆಯಿಂದ ದೂರ, ಬಯಲಲ್ಲಿ ಮರಳು ತುಂಬಿದ ಕಬ್ಬಿಣದ ಬಾಣಲೆಯಲ್ಲಿ ಇಡಿ. ಮೇಲೆ ಬಿಗಿಯಾಗಿ ಏನೂ ಮುಚ್ಚಬೇಡಿ. ಆ ಅಕ್ಕಿ ನಿಮಗೂ ಬೇಡ, ದನಕ್ಕೂ ಬೇಡ.

ಆಗಿದ್ದು ಏನು ಅಂದರೆ, ಎರಡು ಸೆಲ್ ಒಂದರ ಹಿಂದೆ ಒಂದು ಇದ್ದಾಗ ಎರಡರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಬಡಕಲು ಸೆಲ್ ಮೊದಲು ಬರಿದಾಗುತ್ತದೆ. ಟಾರ್ಚಿಗೆ ಅದು ಗೊತ್ತಾಗುವುದಿಲ್ಲ, ಅದಕ್ಕೆ ಕಾಣುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರ. ಗಟ್ಟಿ ಸೆಲ್ ದೂಡುತ್ತಲೇ ಇರುತ್ತದೆ. ಬರಿದಾದದ್ದು ಸೊನ್ನೆಗಿಂತ ಕೆಳಗೆ ಹೋಗಿ ಉಲ್ಟಾ ಚಾರ್ಜ್ ಆಗುತ್ತದೆ. ಒಳಗಿನ ತಾಮ್ರದ ಹಾಳೆ ಕರಗಿ ಅಲ್ಲಲ್ಲಿ ಶಾರ್ಟ್ ಆಗುತ್ತದೆ. ಬಿಸಿ, ಗ್ಯಾಸ್, ನೀವು ಕೇಳಿದ ಆ ಬುಸ್. ನೀರು ನುಗ್ಗದಂತೆ ರಬ್ಬರ್ ರಿಂಗ್ ಹಾಕಿದ ಲೋಹದ ಕೊಳವೆ ಅದು. ಗ್ಯಾಸಿಗೆ ದಾರಿ ಸಿಗದಿದ್ದರೆ ಕೈಯಲ್ಲೇ ಸಿಡಿಯುತ್ತಿತ್ತು. ಎಸೆದು ಒಳ್ಳೆಯದು ಮಾಡಿದಿರಿ.

ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶ ಸುಡುವ ಗ್ಯಾಸ್. ಕೆಮ್ಮು, ಎದೆ ಬಿಗಿತ ಏನಾದರೂ ಇದೆಯಾ? ಇದ್ದರೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ಬ್ಯಾಟರಿ ಹೊಗೆ ಕುಡಿದೆ ಅಂತಲೇ ಹೇಳಿ. ಟಾರ್ಚ್ ಎಲ್ಲಿದೆ ಈಗ? ದಯವಿಟ್ಟು ಉತ್ತರಿಸಿ.

ತುಮಕೂರು ಸದಸ್ಯರು: ಸತ್ತ ಸೆಲ್ಲನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಜೀವ ಬರುತ್ತದಂತೆ. ಅಥವಾ ಒಳ್ಳೆಯ ಸೆಲ್‌ಗೆ ವೈರ್ ಹಿಡಿದು ಎಬ್ಬಿಸಬಹುದು ಅಂತ ನಮ್ಮ ಗ್ರೂಪಲ್ಲಿ ಬಂದಿದೆ.

ಬ್ಯಾಟರಿ ರಿಪೇರಿಯವರು: ಎರಡೂ ಮಾಡಬೇಡಿ. 2 ವೋಲ್ಟ್‌ಗಿಂತ ಕೆಳಗೆ ಹೋಗಿ ಹಾಗೇ ಬಿದ್ದಿದ್ದ ಸೆಲ್ಲಿಗೆ ಮತ್ತೆ ಚಾರ್ಜ್ ತುಂಬುವುದೇ ಅಪಾಯ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಪದರ ಕಟ್ಟುತ್ತದೆ, ಅದು ಇನ್ನೊಂದು ಅಪಾಯ. ಅಕ್ಕಿ ಡಬ್ಬದ ಉಪಾಯವೂ ಇಂಥ ಫಾರ್ವರ್ಡ್‌ನಿಂದಲೇ ಬಂದದ್ದು. ಮೇಲೆ ಒಂದು ಮನೆಯ ಕಥೆ ಓದಿದಿರಿ ಅಲ್ವಾ?

ಮೈಸೂರು ಸದಸ್ಯರು: ಲಿಥಿಯಂಗೆ ನೀರು ತಾಗಿದರೆ ಬೆಂಕಿ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಸಾಗರದವರು ಕಾಲುವೆಗೆ ಎಸೆದದ್ದು ತಪ್ಪು.

ಬ್ಯಾಟರಿ ರಿಪೇರಿಯವರು: ಶಾಲೆಯಲ್ಲಿ ಓದಿದ್ದು ಲಿಥಿಯಂ ಲೋಹದ ಬಗ್ಗೆ. ಚಾರ್ಜ್ ಆಗುವ ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಲೋಹದ ಗಟ್ಟಿ ಇರುವುದಿಲ್ಲ. ಅದು ಹೊತ್ತಿಕೊಂಡರೆ ತಣ್ಣಗೆ ಮಾಡಬೇಕು, ಅದಕ್ಕೆ ನೀರೇ ಬೇಕು. ಸ್ವಲ್ಪ ಚಿಮುಕಿಸಿದರೆ ಸಾಲದು, ಬಕೆಟ್‌ಗಟ್ಟಲೆ ಸುರಿಯಬೇಕು.

ಮೈಸೂರು ಸದಸ್ಯರು: ನಾನು ಕೆಮಿಸ್ಟ್ರಿ ಓದಿದವನು ಸರ್.

ಧಾರವಾಡ ಸದಸ್ಯರು: ಓದಿದ್ದರೆ ಅವರು ಹೇಳಿದ್ದನ್ನೂ ಓದಿ. ಲೋಹ ಬೇರೆ, ಅಯಾನ್ ಬೇರೆ.

ಮೈಸೂರು ಸದಸ್ಯರು: ನಿಮ್ಮನ್ನು ಕೇಳಲಿಲ್ಲ.

ಬೆಂಗಳೂರು ಸದಸ್ಯರು: 3000 ಲ್ಯುಮೆನ್ (ಬೆಳಕಿನ ಅಳತೆ) ಟಾರ್ಚ್ ಇದೆ. 3500 ಎಂಎಎಚ್ ಸೆಲ್ ಹಾಕಿದರೆ ಟರ್ಬೊದಲ್ಲಿ, ಅಂದರೆ ಪೂರ್ತಿ ಬೆಳಕಿಗೆ ಇಟ್ಟಾಗ, ಬೇಗ ಆರುತ್ತದೆ. ಗೆಳೆಯನ 3000 ಎಂಎಎಚ್ ಸೆಲ್ ಹಾಕಿದರೆ ಸರಿ ಉರಿಯುತ್ತದೆ. ಇದು ಹೇಗೆ?

ಬ್ಯಾಟರಿ ರಿಪೇರಿಯವರು: ಒಳ್ಳೆಯ ಪ್ರಶ್ನೆ. ಎಂಎಎಚ್ ಅಂದರೆ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನುವುದು. ನಿಮ್ಮ ಟಾರ್ಚಿಗೆ ದಪ್ಪ ನಲ್ಲಿಯೂ ಬೇಕು. ಟರ್ಬೊದಲ್ಲಿ ಇಂಥ ಟಾರ್ಚ್ ಒಂದೇ ಸೆಲ್ಲಿನಿಂದ 10 ಆಂಪಿಯರ್ ಅಥವಾ ಇನ್ನೂ ಜಾಸ್ತಿ ಎಳೆಯಬಹುದು. 3500ರ ಸೆಲ್‌ಗಳು ಸಾಮಾನ್ಯವಾಗಿ 8ರಿಂದ 10ಕ್ಕೇ ಸುಸ್ತು. ವೋಲ್ಟೇಜ್ ಕುಸಿಯುತ್ತದೆ, ಸೆಲ್ ಬಿಸಿಯಾಗುತ್ತದೆ. ಸ್ಯಾಮ್‌ಸಂಗ್ 30ಕ್ಯೂ 3000 ಎಂಎಎಚ್, ಆದರೆ 15 ಆಂಪಿಯರ್ ಕೊಡುತ್ತದೆ. ನಿಮ್ಮ ಗೆಳೆಯನದು ಅಂಥದ್ದೇ ಇರಬೇಕು. ಹಳೇ ಲ್ಯಾಪ್‌ಟಾಪ್ ಸೆಲ್ ಇಂಥ ಟಾರ್ಚಿಗೆ ಬೇಡವೇ ಬೇಡ. ಅದನ್ನು ಮಾಡಿದ್ದೇ ನಿಧಾನವಾಗಿ ಕರೆಂಟ್ ಕೊಡಲು. ಸೆಲ್ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯಾ ಅಂತಲೂ ನೋಡಿ. ಮೇಲಿನ ಗುಂಡಿ ಬಿಟ್ಟರೆ ಇಡೀ ಡಬ್ಬಿ ಮೈನಸ್. ಹರಿದರೆ ಟಾರ್ಚ್ ಗೋಡೆಗೆ ತಾಗಿ ಶಾರ್ಟ್ ಆಗಬಹುದು.

ಮಂಡ್ಯ ಸದಸ್ಯರು: 9900 ಎಂಎಎಚ್ ಸೆಲ್ ಹಾಕಬಹುದಾ ಸರ್?

ಬ್ಯಾಟರಿ ರಿಪೇರಿಯವರು: ಮೇಲೆ ಓದಿ.

ದುಬೈ ಸದಸ್ಯರು: ಊರಿಗೆ ಬರುವಾಗ ನಾಲ್ಕು ಬಿಡಿ ಸೆಲ್ ಸೂಟ್‌ಕೇಸಿನಲ್ಲಿ ಹಾಕಬಹುದಾ?

ಬ್ಯಾಟರಿ ರಿಪೇರಿಯವರು: ಇಲ್ಲ. ಬಿಡಿ ಸೆಲ್ ಕೈಚೀಲದಲ್ಲೇ. ಒಂದೊಂದನ್ನೂ ಬೇರೆ ಡಬ್ಬಿಯಲ್ಲಿ.

ವಿರಾಜಪೇಟೆ ಸದಸ್ಯರು: ಯಾವ ಟಾರ್ಚ್ ಆದರೂ ಸರಿ, ಆನೆ ಮುಖಕ್ಕೆ ನೇರ ಬಿಡಬೇಡಿ. ರೇಗಿ ಮೇಲೆ ಬರುತ್ತದೆ.

ಆಲೂರು ಸದಸ್ಯರು: ನಮ್ಮ ತೋಟದಲ್ಲಿ ಬೆಳಕು ಬಿಟ್ಟ ಮೇಲೆಯೇ ಹಿಂದೆ ಹೋಗಿದೆ.

ವಿರಾಜಪೇಟೆ ಸದಸ್ಯರು: ಒಂದು ಸಲ ಹೋಗಿದೆ ಅಂತ ಎಲ್ಲರಿಗೂ ಹೇಳಬೇಡಿ. ಜೀವ ಹೋಗುತ್ತದೆ.

ಆಲೂರು ಸದಸ್ಯರು: ಬೆಳೆ ಹೋಗುವುದು ನಮ್ಮದು. ಸುಮ್ನೆ ಕತ್ತಲಲ್ಲಿ ನಿಂತು ನೋಡಬೇಕಾ?

ವಿರಾಜಪೇಟೆ ಸದಸ್ಯರು: ಮನೆ ಒಳಗೆ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಬೇಕು.

ಆಲೂರು ಸದಸ್ಯರು: ಅವರು ಬರುವಷ್ಟರಲ್ಲಿ ಬಾಳೆ ಮುಗಿದಿರುತ್ತದೆ. ನಿಮಗೆ ಹೇಳಿ ಪ್ರಯೋಜನ ಇಲ್ಲ.

ಸುಳ್ಯ ಸದಸ್ಯರು: ತಲೆಗೆ ಕಟ್ಟುವ ಲೈಟ್ ಬಗ್ಗೆ ಕೇಳಿದ್ದೆ...

ಬ್ಯಾಟರಿ ರಿಪೇರಿಯವರು: ಆನೆ ಜಗಳ ಇಲ್ಲಿ ಸಾಕು. ಒಬ್ಬರ ಮನೆಯಲ್ಲಿ ಕೆಟ್ಟ ಸೆಲ್ ಕೂತಿದೆ, ಎರಡು ತಾಸಿನಿಂದ ಅವರ ಉತ್ತರ ಇಲ್ಲ. ಸಾಗರದವರ ನಂಬರ್ ಯಾರ ಹತ್ತಿರ ಆದರೂ ಇದ್ದರೆ ಫೋನ್ ಮಾಡಿ.

ಮಂಡ್ಯ ಸದಸ್ಯರು: ಮೇಲೆ ಎಲ್ಲಿ ಸರ್? ಸಿಗಲಿಲ್ಲ.

ಸಾಗರ ಸದಸ್ಯರು: ಸರ್, ನೆಟ್‌ವರ್ಕ್ ಇರಲಿಲ್ಲ. ಡಬ್ಬ ತಣ್ಣಗಿತ್ತು. ಟಾರ್ಚ್ ಅಂಗಳದಾಚೆ ಮರಳಿನ ಬಾಣಲೆಯಲ್ಲಿ ಇಟ್ಟಿದ್ದೇನೆ. ಮಗ ಮಧ್ಯಾಹ್ನವೇ ಮುಚ್ಚಳ ತಿರುಗಿಸಲು ಹೋಗಿದ್ದನಂತೆ, ಬಿಗಿಯಾಗಿತ್ತು ಅಂತ ಬಿಟ್ಟನಂತೆ. ನನಗೆ ಸ್ವಲ್ಪ ಕೆಮ್ಮು ಇದೆ.

ಬ್ಯಾಟರಿ ರಿಪೇರಿಯವರು: ಕೆಮ್ಮು ಇದ್ದರೆ ಈಗಲೇ ಹೊರಡಿ, ನಾಳೆಗೆ ಇಡಬೇಡಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಟಾರ್ಚ್ ಅಲ್ಲೇ ಇರಲಿ, ಮಗನಿಗೆ ಹೇಳಿ ಮುಟ್ಟಬೇಡ ಅಂತ. ಡಾಕ್ಟರ್ ಏನಂದರು ಅಂತ ಬರೆಯಿರಿ, ನಾನು ಎದ್ದಿರುತ್ತೇನೆ.