ನಾಲ್ಕನೇ ಅಡ್ಡರಸ್ತೆಯಲ್ಲಿ ಏಳುತ್ತಿರುವುದು ಮನೆಯೇ? ಸಹಿ ಹಾಕುವ ಮುನ್ನ ಓದಿ

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ನಮ್ಮ ಬಡಾವಣೆಯ ಮೂಲೆ ನಿವೇಶನದ ಹೊಸ ಕಟ್ಟಡದ ಬಗ್ಗೆ ಬಿಡಿಬಿಡಿಯಾಗಿ ಬರುತ್ತಿರುವ ಮಾತುಗಳನ್ನು ಸಂಘದ ಈ ಗುಂಪಿಗೇ ತನ್ನಿ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ. ಮಾಲೀಕರ ಹೆಸರು, ಜಾತಿ, ಪಕ್ಷ ಯಾವುದೂ ಬೇಡ.

ಮನೆ 41: ನಮ್ಮ ಮಾಳಿಗೆಯಿಂದ ಪೂರ್ತಿ ಕಾಣುತ್ತದೆ. ಕೆಳ ಅಂತಸ್ತಿನಲ್ಲಿ ಕೋಣೆ ಎನ್ನುವಂಥ ಒಂದು ಗೋಡೆಯೂ ಎದ್ದಿಲ್ಲ. ನೆಲವನ್ನು ಚರಂಡಿಯ ಕಡೆಗೆ ಇಳಿಜಾರಾಗಿ ಹಾಕಿದ್ದಾರೆ. ಹಿತ್ತಲಿನಲ್ಲಿ ಸಾಲು ಸಿಮೆಂಟ್ ತೊಟ್ಟಿಗಳು, ಎರಡು ಕೊಳವೆಬಾವಿ. ಅಡುಗೆಮನೆ ಎಲ್ಲಿ ಬರುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದೆ. ನಕ್ಕು ಸುಮ್ಮನಾದರು.

ಮನೆ 12: ಜೀನ್ಸ್ ತೊಳೆಯುವ ಘಟಕ, ಇನ್ನೇನು ಸಂಶಯ! ಸೋಮವಾರ ಎಲ್ಲರೂ ಪಾಲಿಕೆಯ ಮುಂದೆ ಕುಳಿತುಬಿಡೋಣ. ಜೀನ್ಸ್ ಕೆಲಸ ವಸತಿ ಬಡಾವಣೆಯೊಳಗೆ ಬೇಡವೇ ಬೇಡ ಎಂದು ಬರೆದುಕೊಡೋಣ.

ಮನೆ 33: ಹಾಗೆ ಬರೆದರೆ ನಾನೆಲ್ಲಿಗೆ ಹೋಗಲಿ ಅಣ್ಣಾ? ನಮ್ಮ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ. ಜೇಬು ಹೊಲಿದು ಕೊಡುತ್ತೇನೆ, ಅದರಲ್ಲೇ ಮಕ್ಕಳ ಶಾಲೆಯ ಶುಲ್ಕ. ನಿಮ್ಮ ಮನೆಯ ಪ್ಯಾಂಟಿನ ಜಿಪ್ ಕಿತ್ತಾಗ ಯಾರ ಬಾಗಿಲಿಗೆ ಬರುತ್ತೀರಿ?

ಮನೆ 12: ಅಕ್ಕಾ, ನಿಮ್ಮನ್ನು ಅಂದದ್ದಲ್ಲ.

ಮನೆ 33: ಅರ್ಜಿ ಓದುವ ಅಧಿಕಾರಿಗೆ ಅದು ಹೇಗೆ ಗೊತ್ತಾಗಬೇಕು?

ಮನೆ 27: ಅಕ್ಕ ಸರಿಯಾಗಿಯೇ ಕೇಳಿದ್ದಾರೆ. ಮನೆಗಳ ನಕ್ಷೆ ಬರೆಯುವುದು ನನ್ನ ಕಸುಬಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

ಊರಿಗೊಂದು ಮಹಾಯೋಜನೆ ಇರುತ್ತದೆ. ಅದರ ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ನಮ್ಮದು ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ವಸತಿ ಬಡಾವಣೆ, ಅಂದರೆ ಹಳದಿ. ನಕ್ಷೆಯ ಜೊತೆಗೇ ವಲಯ ನಿಯಮಾವಳಿ ಬರುತ್ತದೆ. ಯಾವ ಬಣ್ಣದಲ್ಲಿ ಏನು ನಡೆಯಬಹುದು, ಎಷ್ಟು ಅಶ್ವಶಕ್ತಿಯ ಮೋಟಾರಿನವರೆಗೆ ನಡೆಯಬಹುದು ಎಂಬುದೆಲ್ಲ ಅದರಲ್ಲಿದೆ. ವಸತಿ ವಲಯ ಎಂದರೆ ಬರೀ ಊಟ ಮಾಡಿ ಮಲಗುವ ಜಾಗವಲ್ಲ. ಟೈಲರಿಂಗ್‌ನಂಥ ಸಣ್ಣ ಕೆಲಸಗಳಿಗೆ ಮಿತಿಯೊಳಗೆ ಅಲ್ಲಿ ಜಾಗವಿದೆ. ಹೊಲಿಯುವುದಕ್ಕೆ ದಾರ, ಬೆಳಕು ಸಾಕು. ತೊಳೆಯುವುದಕ್ಕೆ ಟ್ಯಾಂಕರ್‌ಗಟ್ಟಲೆ ನೀರು, ಬಣ್ಣ, ಬ್ಲೀಚ್, ಪ್ಯೂಮಿಸ್ ಕಲ್ಲು, ಬಾಯ್ಲರ್ ಬೇಕು. ನೀಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಬಳ್ಳಾರಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅಂಥ ಕೆಲಸಕ್ಕೆ ಮುಂಡರಗಿಯಂಥ ಕೈಗಾರಿಕಾ ಪ್ರದೇಶವಿದೆ.

ಆದ್ದರಿಂದ ಅರ್ಜಿಯಲ್ಲಿ ಹೊಲಿಗೆಯ ಮಾತೇ ಬರಬಾರದು. ಮಾಹಿತಿ ಹಕ್ಕಿನಡಿ ನಾವು ಕೇಳಬೇಕಾದದ್ದು ಒಂದೇ: ಈ ನಿವೇಶನದಲ್ಲಿ ಏನು ಕಟ್ಟಲು ಅನುಮತಿ ಕೊಟ್ಟಿದ್ದೀರಿ?

ಮನೆ 8: ಮಾಲೀಕರನ್ನು ನಾನೇ ಮಾತನಾಡಿಸಿದೆ. ‘ಮಾಸ್ತರರೇ, ನನ್ನ ಜಾಗ ಎನ್‌ಎ ಆಗಿದೆ, ಖಾತೆ ಇದೆ, ತೆರಿಗೆ ಕಟ್ಟಿದ್ದೇನೆ, ಇನ್ನೇನು ಬೇಕು?’ ಎಂದರು. ನನಗೆ ಉತ್ತರ ತೋಚಲಿಲ್ಲ.

ಮನೆ 27: ಮಾಸ್ತರರೇ, ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಎನ್‌ಎ ಎಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಆದೇಶ. ಯಾವ ಉದ್ದೇಶಕ್ಕೆ ಎಂದು ಆ ಆದೇಶದಲ್ಲೇ ಇರುತ್ತದೆ, ನಮ್ಮದರಲ್ಲಿ ವಸತಿ ಎಂದಿದೆ. ಖಾತೆ ಇರುವುದು ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ತಿಳಿಯಲು. ಅದು ಕಟ್ಟುವ ಪರವಾನಗಿ ಅಲ್ಲ. ಪರವಾನಗಿ ಪಾಲಿಕೆಯಿಂದ ಬರಬೇಕು, ಮಂಜೂರಾದ ನಕ್ಷೆಯ ಸಮೇತ. ನಕ್ಷೆ ಮೀರಿದರೆ 1976ರ ಮಹಾನಗರ ಪಾಲಿಕೆಗಳ ಅಧಿನಿಯಮದ 321ನೇ ಕಲಮಿನಡಿ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸ್, ಆಮೇಲೆ ದೃಢೀಕರಣ ಎಂದು ಮುಂದುವರಿಯಬಹುದು. ಬುಲ್ಡೋಜರ್ ನಾಳೆಯೇ ಬರುತ್ತದೆ ಎಂದು ಯಾರೂ ಕಾಯಬೇಡಿ.

ಭೂ ಬಳಕೆಯನ್ನೇ ವಸತಿಯಿಂದ ಕೈಗಾರಿಕೆಗೆ ಬದಲಿಸಿಕೊಂಡಿದ್ದರೆ? ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14-ಎ ಕಲಮು ಇದೆ. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಅಂಥ ಪ್ರಕಟಣೆ ಯಾರಾದರೂ ಓದಿದ್ದೀರಾ?

ಮನೆ 8: ಪತ್ರಿಕೆಯನ್ನು ಟೆಂಡರ್ ಪುಟದವರೆಗೆ ಓದುವವನು ಈ ಬೀದಿಗೆ ನಾನೊಬ್ಬನೇ. ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೂ ಪ್ರಾಧಿಕಾರದಲ್ಲಿ ಕೇಳಿಯೇ ತಿಳಿಯುವುದು ಲೇಸು.

ಮನೆ 19: ಒಂದು ಮಾತು, ಯಾರೂ ಸಿಟ್ಟಾಗಬೇಡಿ. ನಮ್ಮಲ್ಲಿ ಎಷ್ಟು ಮನೆಗಳು ಸೆಟ್‌ಬ್ಯಾಕ್, ಅಂದರೆ ಗೋಡೆಗೂ ನಿವೇಶನದ ಗಡಿಗೂ ನಡುವೆ ಖಾಲಿ ಜಾಗ, ಬಿಟ್ಟಿವೆ? ಅಳೆಯಲು ಬಂದವರು ಒಂದೇ ಮನೆ ಅಳೆದು ಹೋಗುತ್ತಾರೆಯೇ? ದಂಡ ಕಟ್ಟಿಸಿಕೊಂಡು ನಿಯಮ ಮೀರಿದ ಕಟ್ಟಡಗಳನ್ನು ಒಪ್ಪುವ ಅಕ್ರಮ-ಸಕ್ರಮ ಯೋಜನೆ ಬಂದ ಮೇಲೆ ನೋಡಿದರೆ ಆಗದೇ?

ಮನೆ 27: ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದನ್ನು ನಂಬಿ ಕೂರಬೇಡಿ. ಅಳತೆ ನಮ್ಮ ಕಡೆಗೂ ತಿರುಗಬಹುದು, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಅರ್ಧ ಮೀಟರ್ ಸೆಟ್‌ಬ್ಯಾಕ್ ನುಂಗಿದ ಮನೆ ಮನೆಯೇ ಆಗಿ ಉಳಿಯುತ್ತದೆ. ಇಲ್ಲಿ ಪ್ರಶ್ನೆ ಬಳಕೆಯದು, ಅಳತೆಯದಲ್ಲ. ಅರ್ಜಿಯನ್ನು ಬಳಕೆಗೆ ಸೀಮಿತವಾಗಿಡೋಣ.

ಮನೆ 41: ಕಟ್ಟಿ ಮುಗಿಸಿಬಿಟ್ಟರೆ? ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಮೇಲಿನ ಸ್ಲ್ಯಾಬ್ ಹಾಕಿ ಮುಗಿದಿರುತ್ತದೆ.

ಮನೆ 27: ಅದಕ್ಕೇ ಒಂದನ್ನೇ ನೆಚ್ಚಿಕೊಳ್ಳಬಾರದು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಕಟ್ಟುವಷ್ಟು ಕಾಲವೂ ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲೇ ಪ್ರದರ್ಶಿಸಬೇಕು. ಮೂಲೆ ನಿವೇಶನದಲ್ಲಿ ಸಿಮೆಂಟ್ ಕಂಪನಿಯ ಫಲಕ ಬಿಟ್ಟರೆ ಏನೂ ಇಲ್ಲ. ಅದರ ಫೋಟೊ ತೆಗೆದು ಸ್ಥಳ ಪರಿಶೀಲನೆ ಕೋರಿ ಆಯುಕ್ತರಿಗೆ ಈಗಲೇ ಮನವಿ ಕೊಡೋಣ. ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂದು ಕೊಡುವ ಸ್ವಾಧೀನ ಪ್ರಮಾಣಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ವಿದ್ಯುತ್ ಕಂಪನಿ ಜೆಸ್ಕಾಂಗೆ ಒಂದು ಪ್ರತಿ. ತ್ಯಾಜ್ಯ ನೀರು ಬಿಡುವ ಯಾವ ಘಟಕವೇ ಆಗಲಿ, 1974ರ ಜಲ ಕಾಯ್ದೆಯಡಿ ಸ್ಥಾಪಿಸುವ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಅವರಿಗೊಂದು ಪ್ರತಿ. ಎಲ್ಲ ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಮನವಿ ಟಪಾಲು ಬುಟ್ಟಿಯಲ್ಲೇ ನಿದ್ದೆ ಮಾಡುತ್ತದೆ.

ಮನೆ 12: ಹಾಗಾದರೆ ಧರಣಿ?

ಕಾರ್ಯದರ್ಶಿ: ಧರಣಿ ಬೇಡ. ಮಾಹಿತಿ ಹಕ್ಕಿನ ಅರ್ಜಿ ನೀವೇ ಹಾಕಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಂಘದ ಖರ್ಚು. ಒಂದೇ ವಿಷಯ, 150 ಪದಗಳ ಒಳಗೆ. ಆಚೆ ಹೋದರೆ ನಮ್ಮ ರಾಜ್ಯದ ನಿಯಮದ ಪ್ರಕಾರ ತಿರಸ್ಕರಿಸಲು ಕಾರಣ ಸಿಕ್ಕಂತೆ. ಮಾಸ್ತರರು ಕರಡು ಬರೆಯಲಿ.

ಮನೆ 8: ಬರೆದಿದ್ದೇನೆ, ನೋಡಿ. ‘ನಾಲ್ಕನೇ ಅಡ್ಡರಸ್ತೆಯ ಮೂಲೆ ನಿವೇಶನದಲ್ಲಿ ನಡೆಯುತ್ತಿರುವ ನಿರ್ಮಾಣಕ್ಕೆ ನೀಡಿರುವ ಕಟ್ಟಡ ಪರವಾನಗಿ ಪತ್ರ, ಅದರಲ್ಲಿ ನಮೂದಿಸಿದ ಬಳಕೆಯ ಉದ್ದೇಶ ಮತ್ತು ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿಗಳನ್ನು ಒದಗಿಸಬೇಕೆಂದು ಕೋರುತ್ತೇನೆ.’ ನಿವೇಶನದ ಸಂಖ್ಯೆ ಸೇರಿಸಿಕೊಳ್ಳಿ. ಇಷ್ಟೇ ಸಾಕಲ್ಲವೇ?

ಮನೆ 27: ಬೇಕಾದಷ್ಟಾಯಿತು. ಆಯುಕ್ತರ ಮನವಿಯಲ್ಲಿ 41ರವರು ಕಂಡದ್ದನ್ನು ಹಾಗೆಯೇ ಇಡಿ: ಇಳಿಜಾರು ನೆಲ, ತೊಟ್ಟಿಗಳು, ಎರಡು ಕೊಳವೆಬಾವಿ. ಇದು ಇಂಥ ಘಟಕ ಎಂದು ನಾವೇ ತೀರ್ಪು ಕೊಡುವುದು ಬೇಡ.

ಮನೆ 33: ಹೀಗಿದ್ದರೆ ನನ್ನದೂ ಸಹಿ. ಬೆಳಿಗ್ಗೆ ಹನ್ನೊಂದರ ಮೇಲೆ ಬನ್ನಿ, ಅದಕ್ಕೆ ಮೊದಲು ಬಂಡಲ್ ಕೊಡುವ ಗಡಿಬಿಡಿ ಇರುತ್ತದೆ. 12ರ ಅಣ್ಣ ಬರುವಾಗ ಆ ಪ್ಯಾಂಟನ್ನೂ ತರಲಿ.